ಜಿಂಕೆಗೆಂದು ಬಿತ್ತುವ ಹೊಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಮೇವಿನ ಬೆಳೆಗಳ ಬಗ್ಗೆ ಬರೆಯುವಾಗ, ಅಲ್ಲಿನ ಬೇಟೆಗಾರರು ಜಿಂಕೆಗಳಿಗೆಂದೇ ಹೊಲ ಬಿತ್ತುವ ಪದ್ಧತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಲೇಖನಕ್ಕೆ ಬರಲಿಲ್ಲ. ಅಲ್ಲಿನವರು ಫುಡ್ ಪ್ಲಾಟ್ ಎಂದು ಕರೆಯುವ ಈ ಮೇವಿನ ತಾಕುಗಳಿಗೇ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಅಗತ್ಯವಿದ್ದಲ್ಲಿ ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ಮಿಷಿಗನ್ ರಾಜ್ಯದ ಕೆಳ ಪರ್ಯಾಯದ್ವೀಪದಲ್ಲಿ ನಾವು ಇಬ್ಬರು ಗೆಳೆಯರು ಸೇರಿ 40 ಎಕರೆ ಕಾಡುಭೂಮಿ ಕೊಂಡಿದ್ದೇವೆ. ಕಳೆದ ಮೇ ತಿಂಗಳಲ್ಲಿ ಮುಕ್ಕಾಲು ಎಕರೆ ಬಯಲು ಮಾಡಿ, ಮೇಲೆ ಜಿಂಕೆಯ ಚಿತ್ರವಿರುವ ದುಬಾರಿ ಚೀಲದ ಬಿಳಿ ಕ್ಲೋವರ್ (ದ್ವಿದಳ ಜಾತಿಯ ಮೇವಿನ ಗಿಡ) ಬೀಜ ಬಿತ್ತಿದೆವು. ಅರ್ಧ ಬೀಜ ಹುಟ್ಟಲೇ ಇಲ್ಲ, ಹುಟ್ಟಿದ್ದು ಹಳದಿಯಾಗಿ ನಿಂತಿತು, ಆಗಸ್ಟ್ ಹೊತ್ತಿಗೆ ಕಳೆ ಎಲ್ಲವನ್ನೂ ಮುಚ್ಚಿತು. ಬೀಜವೇ ಕಳಪೆಯೆಂದು ನನ್ನ ಗೆಳೆಯರು ಹೇಳುತ್ತಾರೆ. ನಿಜವೇ?
— ಒಬ್ಬ ಓದುಗರು, ಮಿಷಿಗನ್

ಉತ್ತರ: ಬೀಜದ ಮೇಲೆ ತಪ್ಪು ಹೊರಿಸುವ ಮೊದಲು ನೀವು ಪತ್ರದಲ್ಲಿ ಹೇಳದೇ ಬಿಟ್ಟಿರುವ ಒಂದು ವಿಷಯವನ್ನು ಕೇಳಬೇಕಾಗಿದೆ: ಮಣ್ಣು ಪರೀಕ್ಷೆ ಮಾಡಿಸಿದ್ದೀರಾ? ನಿಮ್ಮ ವಿವರಣೆಯನ್ನು ನೋಡಿದರೆ ಇಲ್ಲವೆಂದೇ ತೋರುತ್ತದೆ. ಬಹುಕಾಲ ಮರಗಳಿದ್ದ ನೆಲ ಸಾಮಾನ್ಯವಾಗಿ ಹುಳಿ ಮಣ್ಣು. ಅದರ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿರುವುದು ಅಪರೂಪವಲ್ಲ. ಕ್ಲೋವರ್‌ಗೆ ಬೇಕಾಗಿರುವುದು 6ರಿಂದ 7ರವರೆಗಿನ ರಸಸಾರ. ಹುಳಿ ಮಣ್ಣಿನಲ್ಲಿ ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ ಕಟ್ಟುಬಿದ್ದು ಬೇರಿಗೆ ದಕ್ಕುವುದಿಲ್ಲವಾದ್ದರಿಂದ, ನೀವು ಹಾಕಿದ ಗೊಬ್ಬರದ ದೊಡ್ಡ ಪಾಲು ಮಣ್ಣಿನಲ್ಲೇ ಉಳಿದುಹೋಗಿರುತ್ತದೆ. ಮಲೆನಾಡಿನ ಅಡಿಕೆ ತೋಟದವರಿಗೆ ಇದು ಹೊಸ ಮಾತಲ್ಲ. ಅವರು ತಲೆಮಾರುಗಳಿಂದ ತೋಟಕ್ಕೆ ಸುಣ್ಣ ಹಾಕುತ್ತಾ ಬಂದಿರುವುದು ಇದೇ ಕಾರಣಕ್ಕೆ.

ತಾಕಿನ ಹತ್ತು ಹನ್ನೆರಡು ಕಡೆ ಆರು ಅಂಗುಲ ಆಳದವರೆಗಿನ ಮಣ್ಣು ತೆಗೆದು, ಒಂದು ಬಕೆಟ್ಟಿನಲ್ಲಿ ಕಲಸಿ, ಅದರಲ್ಲಿ ಒಂದು ಹಿಡಿಯನ್ನು ರಾಜ್ಯ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗದ ಮೂಲಕ ಪರೀಕ್ಷೆಗೆ ಕಳುಹಿಸಿ. ಎಕರೆಗೆ ಎಷ್ಟು ಟನ್ ಕೃಷಿ ಸುಣ್ಣ ಬೇಕೆಂದು ವರದಿಯಲ್ಲೇ ಬರುತ್ತದೆ. ಮರಳು ಮಣ್ಣಿಗೆ ಕಡಿಮೆ, ಜೇಡಿಗೆ ಹೆಚ್ಚು. ಟ್ರ್ಯಾಕ್ಟರ್ ಒಳಗೆ ಹೋಗದ ಜಾಗವಾದರೆ ಗುಳಿಗೆ ರೂಪದ ಸುಣ್ಣವನ್ನು ಸಣ್ಣ ಗಾಡಿಯಿಂದ ಎರಚಬಹುದು, ಬೆಲೆ ಮಾತ್ರ ಹೆಚ್ಚು. ಸುಣ್ಣ ಪೂರ್ತಿ ಕೆಲಸ ಮಾಡಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಎಂಬುದು ನೆನಪಿರಲಿ. ಬಿತ್ತನೆಯ ಹಿಂದಿನ ದಿನ ಎರಚಿದ ಸುಣ್ಣ ಆ ಬೆಳೆಗೆ ಹೆಚ್ಚೇನೂ ಸಹಾಯ ಮಾಡಲಾರದು.

ಎರಡನೆಯದು ಆಳ. ಕ್ಲೋವರ್ ಬೀಜ ರಾಗಿಗಿಂತ ಸಣ್ಣದು. ಅದರ ಮೇಲೆ ಕಾಲು ಅಂಗುಲಕ್ಕಿಂತ ಹೆಚ್ಚು ಮಣ್ಣು ಬಿದ್ದರೆ ಮೊಳಕೆ ಮೇಲಕ್ಕೆ ಬರುವಷ್ಟರಲ್ಲಿ ಬೀಜದೊಳಗಿನ ಕಸುವು ಮುಗಿದಿರುತ್ತದೆ. ನಾನು ಮೊದಲ ಬಾರಿ ಕ್ಲೋವರ್ ಬಿತ್ತಿದಾಗ, ನಮ್ಮೂರಿನ ಜೋಳದ ಅಭ್ಯಾಸದಲ್ಲಿ, ಎರಚಿದ ಬೀಜದ ಮೇಲೆ ಹರಗಿಬಿಟ್ಟೆ. ಮೂರು ವಾರದ ನಂತರ ಹುಟ್ಟಿದ್ದು ಗಾಡಿಯ ಚಕ್ರ ಹಾದುಹೋದ ಎರಡು ಗೆರೆಗಳಲ್ಲಿ ಮಾತ್ರ, ಗೀಟು ಎಳೆದಂತೆ ಹಸಿರು. ಅಂದರೆ ಬೀಜಕ್ಕೆ ಬೇಕಾಗಿದ್ದುದು ಮುಚ್ಚಿಗೆಯಲ್ಲ, ಒತ್ತಿಗೆ. ನೆಲವನ್ನು ಮೊದಲೇ ಹದ ಮಾಡಿ ರೋಲರಿನಿಂದ ಗಟ್ಟಿಗೊಳಿಸಿ, ಎಕರೆಗೆ ಎರಡೂವರೆಯಿಂದ ಮೂರೂವರೆ ಕಿಲೋ ಬೀಜ ಎರಚಿ, ಮತ್ತೊಮ್ಮೆ ರೋಲರ್ ಎಳೆದರೆ ಮುಗಿಯಿತು.

ಹಳದಿ ಬಣ್ಣದ ಕಾರಣ ತಿಳಿಯಲು ಒಂದು ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಎತ್ತಿ, ಬೇರನ್ನು ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರಿನ ಮೇಲೆ ಸಾಸಿವೆಗಿಂತ ಸಣ್ಣ ಗಂಟುಗಳು ಕಾಣಬೇಕು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಇದ್ದಲ್ಲಿ ಅದು ಗಾಳಿಯಿಂದ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಗಂಟೇ ಇಲ್ಲದಿದ್ದರೆ, ಅಥವಾ ಒಳಗೆ ಬಿಳಿಚಿಕೊಂಡಿದ್ದರೆ, ಬೀಜಕ್ಕೆ ಕ್ಲೋವರ್‌ಗೆ ಹೊಂದುವ, ಈ ಗಂಟು ಕಟ್ಟುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾವನ್ನು ಹಚ್ಚಿರಲಿಲ್ಲ ಅಥವಾ ಹುಳಿ ಮಣ್ಣಿನಲ್ಲಿ ಅದು ಬದುಕಲಿಲ್ಲ.

ಇನ್ನು ಕಳೆ. ಮೇ ತಿಂಗಳು ಕಳೆಯೂ ಹುಟ್ಟುವ ಕಾಲವಾದ್ದರಿಂದ, ಮೊದಲ ಬಿತ್ತನೆಯನ್ನು ಆಗಸ್ಟ್ ಮಧ್ಯದಿಂದ ಕೊನೆಯೊಳಗೆ ಓಟ್ಸ್ ಅಥವಾ ರೈ ಧಾನ್ಯದ ಆಸರೆಯಲ್ಲಿ ಮಾಡುವುದು ಒಳ್ಳೆಯದು. ಖಾಲಿ ಉಳಿದ ಜಾಗಕ್ಕೆ ಮಾರ್ಚ್ ತಿಂಗಳಲ್ಲಿ, ರಾತ್ರಿ ನೆಲ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಬೀಜವನ್ನು ಸುಮ್ಮನೆ ಮೇಲೆ ಎರಚಿದರೆ ಸಾಕು. ನೆಲ ಬಿರಿದು ಮುಚ್ಚಿಕೊಳ್ಳುವಾಗ ತಾನೇ ಬೀಜವನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ವರ್ಷಗಳಲ್ಲಿ ಅಗಲ ಎಲೆಯ ಕಳೆ ಕ್ಲೋವರ್‌ಗಿಂತ ಎತ್ತರ ಬೆಳೆದು ಹೂ ಬಿಡುವ ಮೊದಲು ಮೇಲ್ಮೇಲೆ ಕತ್ತರಿಸಿ, ಆದರೆ ಬಿಸಿಲು ಹೆಚ್ಚಿ ಮಳೆಯಿಲ್ಲದ ವಾರಗಳಲ್ಲಿ ಯಂತ್ರ ಮುಟ್ಟಬೇಡಿ. ಹುಲ್ಲು ಜಾತಿಯ ಕಳೆಗೆ ಕ್ಲೆಥೋಡಿಮ್ ಎಂಬ ಕಳೆನಾಶಕ ಕ್ಲೋವರ್‌ಗೆ ತೊಂದರೆ ಕೊಡದೆ ಕೆಲಸ ಮಾಡುತ್ತದೆ. ಪ್ರಮಾಣವನ್ನು ಡಬ್ಬದ ಚೀಟಿ ಓದಿಯೇ ನಿರ್ಧರಿಸಿ. ಹೀಗೆ ನೋಡಿಕೊಂಡ ಬಿಳಿ ಕ್ಲೋವರ್ ಮೂರರಿಂದ ಐದು ವರ್ಷ ನಿಲ್ಲುತ್ತದೆ.

ಪ್ರಶ್ನೆ: ನವೆಂಬರಿನ ಬೇಟೆಯ ಹೊತ್ತಿಗೆ ಹಸಿರು ಇರಬೇಕೆಂದು ಒಬ್ಬರು ರೈ ಎನ್ನುತ್ತಾರೆ, ಇನ್ನೊಬ್ಬರು ಟರ್ನಿಪ್ ಎನ್ನುತ್ತಾರೆ. ಅಂಗಡಿಯಲ್ಲಿ ರೈಗ್ರಾಸ್ ಅಗ್ಗಕ್ಕೆ ಸಿಕ್ಕಿತೆಂದು ಎರಡು ಚೀಲ ತಂದಿದ್ದೇನೆ. ಅದನ್ನೇ ಬಿತ್ತಬಹುದೇ?
— ಒಬ್ಬ ಓದುಗರು, ವಿಸ್ಕಾನ್ಸಿನ್

ಉತ್ತರ: ದಯವಿಟ್ಟು ಬಿತ್ತಬೇಡಿ. ಹೆಸರು ಹತ್ತಿರವಿದ್ದರೂ ರೈ ಎಂಬುದು ಗೋಧಿಯಂಥ ಧಾನ್ಯ, ರೈಗ್ರಾಸ್ ಎಂಬುದು ಹುಲ್ಲು. ಜಿಂಕೆ ದನದಂತೆ ಹುಲ್ಲು ಮೇಯುವ ಪ್ರಾಣಿಯಲ್ಲ; ಚಿಗುರು, ಎಳೆ ಎಲೆ, ಕಾಯಿಗಳನ್ನು ಆರಿಸಿ ತಿನ್ನುವ ಪ್ರಾಣಿ. ರೈಗ್ರಾಸ್ ಮಾತ್ರ ಒಮ್ಮೆ ನೆಲೆಯೂರಿದರೆ ನಿಮ್ಮ ತಾಕಿನಿಂದ ಸುಲಭವಾಗಿ ಹೋಗುವುದಿಲ್ಲ.

ರೈ ಧಾನ್ಯಕ್ಕೆ ಹೊಸಬರ ತಪ್ಪುಗಳನ್ನು ಸಹಿಸುವ ಗುಣವಿದೆ. ಹುಳಿ ಮಣ್ಣಿಗೂ ಹೊಂದಿಕೊಳ್ಳುತ್ತದೆ, ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಮೊಳೆಯುತ್ತದೆ, ಚಳಿಗಾಲವನ್ನು ದಾಟಿ ಹಿಮ ಕರಗಿದ ಕೂಡಲೇ ಮತ್ತೆ ಚಿಗುರುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಎಕರೆಗೆ ಸುಮಾರು 45 ಕಿಲೋ ಎರಚಿ. ಓಟ್ಸ್ ಇನ್ನೂ ರುಚಿಯಾದುದು, ಆದರೆ ಮೊದಲ ಕಟುವಾದ ಹಿಮಕ್ಕೆ ಸಾಯುತ್ತದೆ. ಇವೆರಡನ್ನೂ ಬೆರೆಸಿ ಬಿತ್ತುವುದು ರೂಢಿ. ಟರ್ನಿಪ್, ರೇಪ್ ಮುಂತಾದ ಸಾಸಿವೆ ಜಾತಿಯ ಬೆಳೆಗಳನ್ನು ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರಗಳಲ್ಲೇ, ಎಕರೆಗೆ ಎರಡರಿಂದ ಎರಡೂವರೆ ಕಿಲೋದಂತೆ ಬಿತ್ತಬೇಕು. ಅವಕ್ಕೆ ಯೂರಿಯಾ ಚೆನ್ನಾಗಿ ಬೇಕು. ಚಳಿ ಬಿದ್ದ ಮೇಲೆ ಎಲೆಯಲ್ಲಿ ಸಕ್ಕರೆ ಸೇರಿ ಸಿಹಿಯಾಗುವುದರಿಂದ, ಅಕ್ಟೋಬರಿನಲ್ಲಿ ಮೂಸಿಯೂ ನೋಡದ ಜಿಂಕೆಗಳು ಡಿಸೆಂಬರಿನಲ್ಲಿ ಗೆಡ್ಡೆಯನ್ನೂ ಕೆದಕಿ ತಿನ್ನುವುದುಂಟು. ಒಂದೇ ನೆಲದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಈ ಜಾತಿಯನ್ನು ಹಾಕಿದರೆ ಬೇರಿನ ರೋಗ ನೆಲೆಯಾಗುತ್ತದೆ.

ಒಂದು ಮಾತು ಮೊದಲೇ ತಿಳಿದಿರಲಿ. ಹತ್ತಿರದ ಓಕ್ ಮರಗಳು ಚೆನ್ನಾಗಿ ಕಾಯಿಬಿಟ್ಟ ವರ್ಷ, ಕಾಯಿ ಉದುರುವ ವಾರಗಳಲ್ಲಿ ನಿಮ್ಮ ತಾಕು ಖಾಲಿ ಹೊಡೆಯುತ್ತದೆ. ಅದು ಬೆಳೆಯ ದೋಷವಲ್ಲ.

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ರೈತ, ಈಗ ಮಗಳ ಮನೆಗೆಂದು ಜಾರ್ಜಿಯಾಕ್ಕೆ ಬಂದಿದ್ದೇನೆ. ಅಳಿಯಂದಿರು ಜಿಂಕೆ ಬೇಟೆಯ ಹವ್ಯಾಸದವರು. ಅವರು ತಂದಿರುವ ಬೀಜದ ಚೀಲ ಬಿಚ್ಚಿ ನೋಡಿದರೆ ಒಳಗಿರುವುದು ಅವರೆ ಮತ್ತು ಅಲಸಂದೆ! ಬಿತ್ತಿದ ಮೂರನೇ ವಾರಕ್ಕೆ ಒಂದು ಎಲೆ ಉಳಿದಿಲ್ಲ, ಬರೀ ಕಡ್ಡಿಗಳು ನಿಂತಿವೆ. ಮುಂದಿನ ಸಲ ಬರುವಾಗ ನಮ್ಮೂರ ಸೊಗಡು ಅವರೆ ಬೀಜ ತರಲೇ?
— ಒಬ್ಬ ಹಿರಿಯ ಓದುಗರು, ಜಾರ್ಜಿಯಾ

ಉತ್ತರ: ನಿಮ್ಮ ಆಶ್ಚರ್ಯ ಸಹಜವಾದುದೇ. ನಾವು ಹಿತಕವರೆ ಮಾಡಲು ಕಾಯುವ ಅವರೆಯನ್ನು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಲ್ಯಾಬ್‌ಲ್ಯಾಬ್ ಎಂಬ ಹೆಸರಿನಲ್ಲಿ ಜಿಂಕೆಗಳ ಬೇಸಿಗೆ ಮೇವಿಗಾಗಿ ಬಿತ್ತುತ್ತಾರೆ. ಟೆಕ್ಸಸ್‌ನ ಕೃಷಿ ಸಂಶೋಧಕರು ಇದರಲ್ಲಿ ರಿಯೊ ವರ್ಡೆ ಎಂಬ ತಳಿಯನ್ನೇ ಹೊರತಂದಿದ್ದಾರೆ. ಅಲಸಂದೆ, ಸೆಣಬು, ಜೋಳ, ಸಜ್ಜೆ ಇವೂ ಆ ಮಿಶ್ರಣಗಳಲ್ಲಿ ಬರುತ್ತವೆ. ಕೊಂಬು ಬೆಳೆಯುವ ಮತ್ತು ಹೆಣ್ಣುಗಳು ಹಾಲೂಡುವ ಬೇಸಿಗೆಯಲ್ಲಿ ಸಸಾರಜನಕ ಹೆಚ್ಚಿರುವ ಎಲೆ ಬೇಕಾಗುವುದರಿಂದ ಈ ಆಯ್ಕೆ ಸರಿಯಾದುದೇ ಆಗಿದೆ.

ಬೀಜವನ್ನು ಮಾತ್ರ ತರಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬಿತ್ತನೆ ಬೀಜವನ್ನು ಅಮೆರಿಕದೊಳಗೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಬೀಜವನ್ನು ಕಸಿದುಕೊಳ್ಳುವುದಲ್ಲದೆ ದಂಡವನ್ನೂ ಹಾಕಬಹುದು. ಆದರೂ ನಿಮ್ಮ ಆಲೋಚನೆಯಲ್ಲಿ ಒಂದು ತಿರುಳಿದೆ. ಸೊಗಡು ಅವರೆಯಂಥ ಸಾಂಪ್ರದಾಯಿಕ ಅವರೆ ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುತ್ತದೆ, ಆದ್ದರಿಂದಲೇ ನಮ್ಮಲ್ಲಿ ಅದು ಚಳಿಗಾಲದ ಸಂಭ್ರಮ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4ರಂಥ ತಳಿಗಳು ಈ ಕಟ್ಟನ್ನು ಕಳೆದುಕೊಂಡು ವರ್ಷವಿಡೀ ಕಾಯಿ ಕೊಡುತ್ತವೆ. ಜಿಂಕೆಗೆ ಬೇಕಾಗಿರುವುದು ಕಾಯಲ್ಲ, ಎಲೆ. ಹಾಗಾಗಿ ಉದ್ದ ಹಗಲಿನ ಬೇಸಿಗೆಯಲ್ಲಿ ಹೂ ಬಿಡದೆ ಬಳ್ಳಿ ಹಬ್ಬಿಸುತ್ತಲೇ ಹೋಗುವ ತಡವಾದ ತಳಿಯೇ ಅಲ್ಲಿಗೆ ಸೂಕ್ತ. ಮೊದಲ ಹಿಮ ಬಿದ್ದ ದಿನ ಅದರ ಆಟ ಮುಗಿಯುತ್ತದೆ, ಆ ಜಾಗಕ್ಕೆ ಸೆಪ್ಟೆಂಬರಿನಲ್ಲೇ ಗೋಧಿ ಅಥವಾ ಓಟ್ಸ್ ಎರಚಿಟ್ಟಿರಬೇಕು.

ಇನ್ನು ಕಡ್ಡಿಗಳ ಕಥೆ. ಅವರೆ, ಸೋಯಾ, ಅಲಸಂದೆಗಳು ಬೇರು ಬಿಟ್ಟು ಬಲಿತ ಮೇಲೆ ಮೇಯಿಸಿಕೊಂಡರೂ ಮತ್ತೆ ಚಿಗುರುತ್ತವೆ, ಆದರೆ ಎರಡೆಲೆಯ ಸಸಿಯನ್ನು ಕಚ್ಚಿದರೆ ಅದಕ್ಕೆ ಉಳಿಗಾಲವಿಲ್ಲ. ಜಿಂಕೆ ಹೆಚ್ಚಿರುವ ಕಡೆ ಅರ್ಧ ಎಕರೆ ಬಿತ್ತಿದರೆ ಹೀಗೆಯೇ ಆಗುತ್ತದೆ. ಮೂರರಿಂದ ಐದು ಎಕರೆ ಬಿತ್ತಿದಾಗ ಬಾಯಿಗಳು ಹಂಚಿಹೋಗಿ ಬೆಳೆ ಉಳಿಯುತ್ತದೆ. ಅಷ್ಟು ನೆಲವಿಲ್ಲದಿದ್ದರೆ ಮೊದಲ ಎರಡು ತಿಂಗಳು ವಿದ್ಯುತ್ ತಂತಿಯ ಬೇಲಿ ಹಾಕಿಸಿ. ಎತ್ತರದ ಬೇಲಿ ಬೇಕಿಲ್ಲ. ಹೊರಗಡೆ ನೆಲದಿಂದ 18 ಅಂಗುಲದಲ್ಲಿ ಒಂದೇ ತಂತಿ, ಅದರಿಂದ ಮೂರು ಅಡಿ ಒಳಗೆ 10 ಮತ್ತು 24 ಅಂಗುಲಗಳಲ್ಲಿ ಎರಡು ತಂತಿ. ಎತ್ತರವನ್ನು ಸಲೀಸಾಗಿ ಹಾರುವ ಜಿಂಕೆಗೆ ಎರಡು ಸಾಲುಗಳ ನಡುವಿನ ಅಗಲವನ್ನು ಅಂದಾಜು ಮಾಡುವುದು ಕಷ್ಟ. ಹೊರಗಿನ ತಂತಿಗೆ ಅಲ್ಲಲ್ಲಿ ಅಲ್ಯೂಮಿನಿಯಂ ಹಾಳೆ ಮಡಚಿ, ಅದಕ್ಕೆ ಕಡಲೆಕಾಯಿ ಬೆಣ್ಣೆ ಸವರುತ್ತಾರೆ. ನೆಕ್ಕಲು ಬಂದ ಜಿಂಕೆಯ ಒದ್ದೆ ಮೂಗಿಗೆ ಒಮ್ಮೆ ತಾಗಿದರೆ ಅದು ಆ ಬೇಲಿಯ ಹತ್ತಿರ ಸುಳಿಯಲು ಅನುಮಾನಿಸುತ್ತದೆ. ನಮ್ಮಲ್ಲಿ ಸಿಕ್ಕ ಸಿಕ್ಕ ಕಡೆ ಹಾಕುವ ಜೀವ ತೆಗೆಯುವ ಕರೆಂಟು ತಂತಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕ್ಷಣಮಾತ್ರದ ಸಣ್ಣ ಹೊಡೆತ ಕೊಡುವ ಯಂತ್ರ.

ಪ್ರಶ್ನೆ: ತಾಕು ಎಷ್ಟು ದೊಡ್ಡದಿರಬೇಕು, ಅಟ್ಟಣೆ ಎಲ್ಲಿ ಕಟ್ಟಬೇಕು?
— ಒಬ್ಬ ಓದುಗರು, ಒಹಾಯೊ

ಉತ್ತರ: ಜಮೀನಿನ ನೂರಕ್ಕೆ ಎರಡರಿಂದ ಐದು ಪಾಲು ಸಾಕೆಂಬುದು ಸಾಮಾನ್ಯ ಲೆಕ್ಕ. ಒಂದೆರಡು ಎಕರೆಯದು ಹೊಟ್ಟೆ ತುಂಬಿಸುವ ತಾಕು, ಕಾಲು ಅರ್ಧ ಎಕರೆಯದು ಬೇಟೆಯ ತಾಕು. ಚೌಕಕ್ಕಿಂತ ಬಾಗಿದ ಉದ್ದನೆಯ ಪಟ್ಟಿ ಒಳ್ಳೆಯದು, ಏಕೆಂದರೆ ಜಿಂಕೆ ಕಾಡಿನ ಅಂಚು ಬಿಟ್ಟು ದೂರ ಬರಲು ಹಿಂಜರಿಯುತ್ತದೆ. ಅಟ್ಟಣೆಯ ಜಾಗವನ್ನು ಬಿತ್ತನೆಗೆ ಮೊದಲೇ ಗೊತ್ತುಮಾಡಿ: ಬೇಟೆಯ ತಿಂಗಳಲ್ಲಿ ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ ಬೀಸುತ್ತದೆಯೋ ಅದಕ್ಕೆ ಎದುರಾಗಿ, ಅಂದರೆ ನಿಮ್ಮ ವಾಸನೆ ತಾಕಿನಿಂದ ಆಚೆಗೆ ಹೋಗುವಂತೆ. ಹತ್ತುವ ದಾರಿಗಿಂತ ಇಳಿದು ಹೋಗುವ ದಾರಿ ಮುಖ್ಯ. ಸಂಜೆ ಕತ್ತಲಾದ ಮೇಲೆ ಮೇಯುತ್ತಿರುವ ಹತ್ತು ಜಿಂಕೆಗಳ ನಡುವೆ ಇಳಿದು ನಡೆದರೆ, ಆ ತಾಕಿಗೆ ಹಗಲಿನಲ್ಲಿ ಅವು ಮತ್ತೆ ಬರುವುದನ್ನು ಬಹಳ ದಿನ ಕಾಯಬೇಕಾದೀತು. ಮರೆಗೆಂದು ಎತ್ತರದ ಜೋಳವನ್ನು ನಾಲ್ಕು ಸಾಲು ಬಿತ್ತುವುದು ಇದಕ್ಕಾಗಿಯೇ. ಬೆಳಗಿನ ಜಾವ ತೆರೆದ ತಾಕಿಗೆ ಹೋಗಬೇಡಿ, ನಿಮಗಿಂತ ಮೊದಲೇ ಅವು ಅಲ್ಲಿರುತ್ತವೆ.

ಪ್ರಶ್ನೆ: ಮೆಕ್ಕೆಜೋಳ ಸುರಿದು ಜಿಂಕೆ ಕರೆಸುವುದು ಅಪರಾಧ, ಅದೇ ಬೆಳೆದು ಕರೆಸುವುದು ನ್ಯಾಯ ಎನ್ನುವುದು ಯಾವ ತರ್ಕ? ಮತ್ತೊಂದು: ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಬೇಟೆಯ ಬಂದೂಕು ಇಟ್ಟುಕೊಳ್ಳಬಹುದೇ?
— ಒಬ್ಬ ಓದುಗರು, ಮಿಷಿಗನ್

ಉತ್ತರ: ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನಲ್ಲಿ ಖಾಸಗಿ ಜಮೀನಿನಲ್ಲಿ ಕಾಳು ಸುರಿಯುವುದು ಸಾಮಾನ್ಯ. ಮಿಷಿಗನ್ ತನ್ನ ಕೆಳ ಪರ್ಯಾಯದ್ವೀಪದಲ್ಲಿ 2019ರ ಜನವರಿ 31ರಿಂದ ಅದನ್ನು ನಿಷೇಧಿಸಿತು. ಇದರ ಹಿಂದಿರುವುದು ನ್ಯಾಯಾನ್ಯಾಯದ ತರ್ಕಕ್ಕಿಂತ ಹೆಚ್ಚಾಗಿ ರೋಗದ ಭಯ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ, ಜಿಂಕೆಯ ಮಿದುಳನ್ನು ಕೆಡಿಸಿ ಸೊರಗಿಸಿ ಕೊಲ್ಲುವ ರೋಗ 1967ರಲ್ಲಿ ಕೊಲರಾಡೊದ ಸಾಕು ಜಿಂಕೆಗಳಲ್ಲಿ ಮೊದಲು ಕಂಡಿತು; 2002ರಲ್ಲಿ ವಿಸ್ಕಾನ್ಸಿನ್ ತಲುಪಿತು. ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಇದಕ್ಕೆ ಕಾರಣ. ಅದು ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ಹರಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದು ಬುಟ್ಟಿ ಕಾಳಿನ ರಾಶಿಗೆ ಇಪ್ಪತ್ತು ಮೂತಿಗಳು ಇಳಿಯುವುದಕ್ಕೂ, ಒಂದು ಎಕರೆಯಲ್ಲಿ ಚದುರಿ ಮೇಯುವುದಕ್ಕೂ ವ್ಯತ್ಯಾಸವಿದೆ. ಬೆಳೆದ ತಾಕಿನಲ್ಲಿ ಅಪಾಯವೇ ಇಲ್ಲವೆಂದು ಮಾತ್ರ ನಾನು ಹೇಳಲಾರೆ. ಆಯಾ ವರ್ಷದ ಬೇಟೆ ನಿಯಮಾವಳಿಯನ್ನು ಓದದೆ ಯಾವುದಕ್ಕೂ ಕೈ ಹಾಕಬೇಡಿ.

ಎರಡನೇ ಪ್ರಶ್ನೆ ಗಂಭೀರವಾದುದು. ನಿಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕು ಮತ್ತು ಮದ್ದುಗುಂಡು ಹೊಂದುವುದನ್ನು ಅಲ್ಲಿನ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. 1960ರ ಜನವರಿ 1ರ ನಂತರ ಹುಟ್ಟಿದವರು ಪರವಾನಗಿಗೆ ಮೊದಲು ಬೇಟೆ ಸುರಕ್ಷತಾ ತರಬೇತಿ ಮುಗಿಸಿರಬೇಕೆಂದು ಮಿಷಿಗನ್ ಕೇಳುತ್ತದೆ. ಪರವಾನಗಿಯ ಅವಧಿ ಮುಗಿದ ಮರುದಿನ ಮನೆಯ ಕಪಾಟಿನಲ್ಲಿರುವ ಬಂದೂಕು ನಿಮ್ಮ ವೀಸಾಕ್ಕೇ ಕುತ್ತಾಗಬಹುದಾದ್ದರಿಂದ, ಕೊಳ್ಳುವ ಮೊದಲು ವಲಸೆ ಕಾನೂನಿನ ವಕೀಲರನ್ನು ಕಾಣಿರಿ. ಬಿಲ್ಲುಬೇಟೆ ಅಕ್ಟೋಬರ್ 1ಕ್ಕೇ ಶುರುವಾಗುತ್ತದೆ, ಬಿಲ್ಲು ಈ ಕಾನೂನಿನಡಿ ಬಂದೂಕಲ್ಲ.

ಪ್ರಶ್ನೆ: ನಮ್ಮ ಜಮೀನು ಬಂಡೀಪುರದ ಅಂಚಿನಲ್ಲಿದೆ. ಅಂಚಿನ ಅರ್ಧ ಎಕರೆಗೆ ಹುರುಳಿ ಬಿತ್ತಿ ಜಿಂಕೆಗಳಿಗೆ ಬಿಟ್ಟರೆ ಒಳಗಿನ ಬೆಳೆ ಉಳಿಯುವುದೇ?
— ಒಬ್ಬ ರೈತರು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ಉಳಿಯುವುದಿಲ್ಲ. ಬೇಸಿಗೆಯಲ್ಲಿ ಕಾಡಂಚಿನಲ್ಲಿ ಹಸಿರು ಮಾಡಿದರೆ ಜಿಂಕೆಯೊಂದೇ ಬರುವುದಿಲ್ಲ. ಹಂದಿ, ಆನೆಗಳೂ ಬರುತ್ತವೆ, ಜಿಂಕೆಯ ಬೆನ್ನಿಗೆ ಚಿರತೆ ಬರುತ್ತದೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದೂ ಸೇರಿದೆ. ಈ ಅಂಕಣದಲ್ಲಿರುವ ಅಮೆರಿಕದ ಯಾವ ಮಾತನ್ನೂ ನಮ್ಮ ಚುಕ್ಕೆ ಜಿಂಕೆ, ಕಡವೆಗಳಿಗೆ ಅನ್ವಯಿಸಬೇಡಿ. ಅವುಗಳ ಮೇವಿನ ತಾಕು ಕಾಡಿನೊಳಗೇ ಇದೆ: ನಾಗರಹೊಳೆ ಕಡೆಯವರು ಹಡ್ಲು ಎನ್ನುವ ತೇವದ ಹುಲ್ಲುಬಯಲುಗಳು. ಸುತ್ತಲಿನ ಕಾಡಿನಲ್ಲಿ ಲಂಟಾನ ಮುಂತಾದ ಪರದೇಶಿ ಗಿಡಗಳು ಹಬ್ಬಿ ಮೇವಿನ ಜಾಗವನ್ನು ನುಂಗುತ್ತಿವೆ. ಅವನ್ನು ಬುಡಸಮೇತ ಕೀಳುವ ಕೆಲಸ ಅರಣ್ಯ ಇಲಾಖೆಯದು, ನಿಮ್ಮ ಹುರುಳಿಯದಲ್ಲ.

ಪ್ರಶ್ನೆ: ಕೈಯಾರೆ ಬಿತ್ತಿ, ತಿನ್ನಲು ಕರೆದು, ಅಟ್ಟಣೆಯ ಮೇಲಿಂದ ಗುಂಡು ಹಾರಿಸುವುದು ವಿಶ್ವಾಸದ್ರೋಹವಲ್ಲವೇ?
— ಒಬ್ಬ ಓದುಗರು, ಮೈಸೂರು

ಉತ್ತರ: ಈ ಪ್ರಶ್ನೆ ಕೇಳುವ ಬೇಟೆಗಾರರು ಅಲ್ಲಿಯೂ ಇದ್ದಾರೆ, ತಾಕಿನ ಮೇಲೆ ಗುಂಡು ಹಾರಿಸುವುದಿಲ್ಲವೆಂದು ಕಾಡಿನ ದಾರಿಯಲ್ಲೇ ಕೂರುವವರೂ ಇದ್ದಾರೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಎಣಿಕೆಯ ಪ್ರಶ್ನೆ. 20ನೇ ಶತಮಾನದ ಆರಂಭದಲ್ಲಿ ಮಾರಾಟದ ಬೇಟೆಯಿಂದ ಬಿಳಿಬಾಲದ ಜಿಂಕೆ ಅನೇಕ ರಾಜ್ಯಗಳಲ್ಲಿ ಅಳಿಯುವ ಹಂತ ತಲುಪಿತ್ತು. 1900ರ ಲೇಸಿ ಕಾಯ್ದೆ ಆ ವ್ಯಾಪಾರಕ್ಕೆ ಕಡಿವಾಣ ಹಾಕಿತು, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನಶ್ಚೇತನಕ್ಕೆ ತಿರುಗಿಸಿತು. ಜಿಂಕೆ ಮರಳಿತು, ಆದರೆ ಅದನ್ನು ತಿನ್ನುವ ತೋಳ, ಪೂಮಾಗಳು ಪೂರ್ವದ ಬಹುತೇಕ ರಾಜ್ಯಗಳಿಗೆ ಮರಳಲಿಲ್ಲ. ಹೆಚ್ಚಾದ ಜಿಂಕೆಗಳು ಓಕ್ ಸಸಿಗಳನ್ನು ಮೇಲೇಳಲು ಬಿಡದೆ ಕಾಡಿನ ನೆಲವನ್ನೇ ಬೋಳಿಸಿದ ಪ್ರದೇಶಗಳು ಪೆನ್ಸಿಲ್ವೇನಿಯಾದಲ್ಲಿವೆ. ಹೀಗಿರುವಾಗ, ದೊಡ್ಡ ಕೊಂಬಿನ ಗಂಡೊಂದಕ್ಕಾಗಿ ಎಕರೆಗಟ್ಟಲೆ ಮೇವು ಬಿತ್ತಿ, ಹೆಣ್ಣುಗಳನ್ನು ಮುಟ್ಟದೆ ಬಿಡುವ ಜಮೀನುದಾರನ ಬಗ್ಗೆ ನನಗೆ ತಕರಾರಿದೆ. ಅವನು ಜಿಂಕೆಗೆ ಉಪಕಾರ ಮಾಡುತ್ತಿದ್ದೇನೆಂದು ತಿಳಿದು ಕಾಡಿಗೆ ಭಾರ ಹೇರುತ್ತಿರುತ್ತಾನೆ.

ಪ್ರಶ್ನೆ: ತಾಕು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ನಮ್ಮ ಕ್ಲೋವರ್ ಎರಡು ಅಂಗುಲಕ್ಕಿಂತ ಮೇಲೆ ಬರುವುದೇ ಇಲ್ಲ.
— ಒಬ್ಬ ಓದುಗರು, ಮಿಷಿಗನ್

ಉತ್ತರ: ಮೂರು ನಾಲ್ಕು ಅಡಿ ಅಗಲದ ತಂತಿ ಜಾಲರಿಯ ಬಳೆಯೊಂದನ್ನು ತಾಕಿನ ಮಧ್ಯೆ ನಿಲ್ಲಿಸಿ, ಎರಡು ಗೂಟ ಹೊಡೆದು ಬಿಗಿಯಿರಿ. ಬಿತ್ತಿದ ದಿನವೇ ನಿಲ್ಲಿಸಬೇಕಾಗಿತ್ತು, ಈಗ ನಿಲ್ಲಿಸಿದರೂ ಆದೀತು. ಒಂದು ತಿಂಗಳ ನಂತರ ಬಳೆಯ ಒಳಗೂ ಎರಡೇ ಅಂಗುಲ ಇದ್ದರೆ ನಿಮ್ಮ ಸಮಸ್ಯೆ ಮಣ್ಣಿನದು, ಮೊದಲ ಉತ್ತರಕ್ಕೆ ಹಿಂದಿರುಗಿ. ಒಳಗೆ ಮೊಣಕಾಲಿನವರೆಗೆ ಬೆಳೆದು ಹೂ ಬಿಟ್ಟಿದ್ದು ಹೊರಗೆ ಕತ್ತರಿಸಿದಂತೆ ಎರಡು ಅಂಗುಲ ಇದ್ದರೆ, ನೀವು ಒಳ್ಳೆಯ ಕೃಷಿಕರು, ಮೇಯುವ ಬಾಯಿಗಳು ಮಾತ್ರ ನೆಲಕ್ಕೆ ಮೀರಿವೆ. ಆಗ ತಾಕನ್ನು ಇನ್ನಷ್ಟು ಹಿಗ್ಗಿಸುವ ಮೊದಲು ಈ ವರ್ಷ ಹೆಣ್ಣು ಜಿಂಕೆಯ ಪರವಾನಗಿ ಕೊಂಡುಕೊಳ್ಳಿ.